ಹಡಗಿನವರನ್ನು ದೇವರಕಾಡಿಗೆ ಕರೆದೊಯ್ದು ಹೊತ್ತಿಗೆ ಸರಿಯಾಗಿ ವಾಪಸ್ ಮುಟ್ಟಿಸುವುದು ಹೇಗೆ

ಮಂಗಳೂರಿನಿಂದ ಒಂದು ಫೋನು ಬರುತ್ತದೆ. "ಅಣ್ಣ, ನಾಡಿದ್ದು ಪಣಂಬೂರಿಗೆ ಹಡಗು ಬರ್ತದೆ. ಹನ್ನೊಂದು ಜನ ಉಂಟು. ಅವರಿಗೆ ಕೊಡಗಿನ ಕಾಡು ನೋಡಬೇಕಂತೆ. ಸಂಜೆ ಐದೂವರೆಯೊಳಗೆ ವಾಪಸ್ ಹಡಗು ಹತ್ತಿಸಬೇಕು. ಆಗ್ತದಾ?"

ನವೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮ ಕಡೆಯ ಹಳದಿ ಬೋರ್ಡಿನವರಿಗೂ ಹೋಮ್‌ಸ್ಟೇಯವರಿಗೂ ಇಂಥ ಫೋನು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಬಾಡಿಗೆ ಒಳ್ಳೆಯದು ಸಿಗುತ್ತದೆ, ಹಾಗಾಗಿ ಯಾರೂ ಯೋಚನೆ ಮಾಡದೆ "ಆಗ್ತದೆ" ಎಂದುಬಿಡುತ್ತಾರೆ. ಮೊದಲ ಸಲ ನಾನೂ ಹಾಗೇ ಹೇಳಿದ್ದೆ. ಸೀದಾ ಮಡಿಕೇರಿಗೆ ಹತ್ತಿಸಿದೆ. ರಾಜಾಸೀಟ್, ಅಬ್ಬಿ ಫಾಲ್ಸ್, ಪೇಟೆಯಲ್ಲಿ ಒಂದು ಸುತ್ತು. ಇಳಿಯುವಾಗ ಘಾಟಿಯ ತಿರುವಿನಲ್ಲಿ ಮರ ತುಂಬಿದ ಲಾರಿಯೊಂದು ಅಡ್ಡ ನಿಂತಿತ್ತು. ಐವತ್ತು ನಿಮಿಷ ಅಲ್ಲೇ ಹೋಯಿತು. ಬಂದರಿನ ಗೇಟಿಗೆ ಮುಟ್ಟಿದಾಗ ಉಳಿದದ್ದು ಹನ್ನೊಂದು ನಿಮಿಷ. ಅದರ ಮೇಲೆ ಒಬ್ಬರು ಮಡಿಕೇರಿಯಲ್ಲಿ ನೆನಪಿಗೆಂದು ಪೀಚೆಕತ್ತಿ ಕೊಂಡಿದ್ದರು. ಬ್ಯಾಗು ಎಕ್ಸ್‌ರೇ ಯಂತ್ರದಲ್ಲಿ ಸಿಕ್ಕಿಬಿತ್ತು. ಕತ್ತಿ ಅಲ್ಲೇ ಉಳಿಯಿತು, ಅವರು ಓಡಿದರು. ಆ ದಿನ ಇಳಿವಯಸ್ಸಿನ ಒಬ್ಬ ಹೆಂಗಸು ವ್ಯಾನಿನಿಂದ ಇಳಿಯುವಾಗ ಬೇಸರವಿಲ್ಲದೆ ಒಂದು ಮಾತು ಹೇಳಿದರು: ಎಂಟು ಗಂಟೆ ಸುತ್ತಿದೆವು, ಕಾಡಿನ ಮಣ್ಣು ಒಮ್ಮೆಯೂ ಮೆಟ್ಟಲಿಲ್ಲ.

ಅಲ್ಲಿಂದೀಚೆಗೆ ನಾನು ಹಡಗಿನವರನ್ನು ಮಡಿಕೇರಿಗೆ ಕರೆದುಕೊಂಡು ಹೋಗಿಲ್ಲ. ಈಗ ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ, ನಮ್ಮ ಹುಡುಗರಿಗೆ ಉಪಯೋಗಕ್ಕೆ ಬರಲಿ ಅಂತ.

ಸಂಜೆಯಿಂದ ಹಿಂದಕ್ಕೆ ಎಣಿಸಿ

ಹಡಗು ಕಂಪನಿಯೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಮ್ಮಂಥ ಹೊರಗಿನವರ ಗಾಡಿ ತಡವಾದರೆ ಕಾಯುವುದಿಲ್ಲ. ಹಗ್ಗ ಬಿಚ್ಚಿ ಹೊರಟುಬಿಡುತ್ತದೆ. ಆಮೇಲೆ ಮುಂದಿನ ಬಂದರಿಗೆ ಅವರೇ ಹೋಗಿ ಸೇರಿಕೊಳ್ಳಬೇಕು. ಮುಂದಿನದು ಕೊಚ್ಚಿಯೋ ಗೋವಾವೋ ಆದರೆ ರೈಲು ಹತ್ತಿಸಬಹುದು. ಮಾಲ್ದೀವ್ಸ್ ಆದರೆ ಎಂತ ಮಾಡುತ್ತೀರಿ? ಹಾಗಾಗಿ ಬಾಡಿಗೆ ಒಪ್ಪುವ ಮೊದಲೇ ಈ ಮಾತನ್ನು ಅವರಿಗೂ ಬಿಡಿಸಿ ಹೇಳಿ. ಗೊತ್ತಿದ್ದವರು ಗೊಣಗದೆ ಬೇಗ ಗಾಡಿ ಹತ್ತುತ್ತಾರೆ.

ಹಡಗಿನಲ್ಲಿ ದಿನಾ ಒಂದು ಹಾಳೆ ಕೊಡುತ್ತಾರೆ, ಈಗ ಕೆಲವರಿಗೆ ಮೊಬೈಲಿನಲ್ಲೇ ಬರುತ್ತದೆ. ಅದರಲ್ಲಿ ಎಲ್ಲರೂ ಹಡಗಿಗೆ ಮರಳಬೇಕಾದ ಗಂಟೆ ಮತ್ತು ಬಂದರಿನ ಏಜೆಂಟರ ಫೋನ್ ನಂಬರು ಇರುತ್ತದೆ. ಗಾಡಿ ಹತ್ತಿದ ಕೂಡಲೇ ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಹಡಗು ಹೊರಡುವ ಗಂಟೆ ಬೇರೆ, ಮರಳಬೇಕಾದ ಗಂಟೆ ಬೇರೆ. ಎರಡನೆಯದು ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಇರುತ್ತದೆ. ನಮಗೆ ಲೆಕ್ಕ ಅದೇ.

ಇನ್ನೊಂದು ಕೇಳಿ: ಹಡಗಿನ ಗಡಿಯಾರ ನಮ್ಮ ಗಡಿಯಾರವೇ ಆಗಿರಬೇಕೆಂದಿಲ್ಲ. ದುಬೈ ಕಡೆಯಿಂದ ಬಂದವರ ಕೈಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಇರಬಹುದು, ಅದರಿಂದ ನಷ್ಟವಿಲ್ಲ. ಥಾಯ್ಲೆಂಡ್ ಕಡೆಯಿಂದ ಬಂದವರದು ಒಂದೂವರೆ ಗಂಟೆ ಮುಂದೆ. ಅವರ ಐದು ಗಂಟೆ ನಮ್ಮ ಮೂರೂವರೆ. ಹೆಚ್ಚಿನ ಹಡಗುಗಳಲ್ಲಿ ಗಡಿಯಾರ ತಿರುಗಿಸಿಯೇ ಬಂದರಿಗೆ ಬರುತ್ತಾರೆ, ಆದರೂ ಗ್ಯಾಂಗ್‌ವೇ (ಹಡಗು ಹತ್ತಿ ಇಳಿಯುವ ದಾರಿ) ಹತ್ತಿರ ಬರೆದ ಸಮಯ ಯಾವುದು, ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಇಬ್ಬರ ಹತ್ತಿರವಾದರೂ ಕೇಳಿ. ಒಬ್ಬರ ಹತ್ತಿರ ಕೇಳಿದರೆ ಸಾಲದು.

ಈಗ ಎಣಿಸೋಣ. ಹಡಗಿಗೆ ಮರಳುವ ಗಂಟೆ 5.30 ಎಂದಿಟ್ಟುಕೊಳ್ಳಿ. ಬಂದರಿನ ಗೇಟಿಗೆ ನಾನು 4ಕ್ಕೆ ಮುಟ್ಟಬೇಕು. ಆ ಒಂದೂವರೆ ಗಂಟೆ ಲಾರಿಗೆ, ಪಂಕ್ಚರಿಗೆ, ನಂತೂರು ಸರ್ಕಲಿಗೆ, ಕೂಳೂರು ಸೇತುವೆಗೆ ಇಟ್ಟದ್ದು. ಅದನ್ನು ಕಾಡಿಗೆ ಖರ್ಚು ಮಾಡಬಾರದು. ಪಣಂಬೂರಿನಿಂದ ಸಂಪಾಜೆ ಸುಮಾರು 110 ಕಿಲೋಮೀಟರ್, ಎರಡೂ ಮುಕ್ಕಾಲು ಗಂಟೆ. ನಡುವೆ ಕಾಲು ಗಂಟೆ ಕಾಲುಮಡಿಯಲಿಕ್ಕೆ, ಟೀಗೆ. ಅಂದರೆ ಕಾಡಿನ ಬುಡದಿಂದ ಮಧ್ಯಾಹ್ನ 1ಕ್ಕೆ ಹೊರಡಲೇಬೇಕು. ಬೆಳಿಗ್ಗೆ ಹಡಗು ಏಳಕ್ಕೆ ಕಟ್ಟಿದರೂ ಕಾಗದಪತ್ರ ಮುಗಿದು ಜನ ಹೊರಗೆ ಬರುವಾಗ ಎಂಟೂಕಾಲು. ಕಾಡು ಮುಟ್ಟುವುದು ಹನ್ನೊಂದಕ್ಕೆ. ನಿಮಗೆ ಸಿಕ್ಕಿದ್ದು ಎರಡು ಗಂಟೆ.

ಎರಡು ಗಂಟೆಯ ಕಾಡಿಗೆ ಐದೂವರೆ ಗಂಟೆಯ ರಸ್ತೆ. ಇದನ್ನೂ ಮುಂಚೆಯೇ ಹೇಳಿಬಿಡಿ. ಕೇಳಿ "ಬೇಡ" ಅಂದವರು ಇದ್ದಾರೆ, ನನಗೆ ಬೇಸರವಿಲ್ಲ. ಹಡಗು ಇಷ್ಟು ಹೊತ್ತು ನಿಲ್ಲುವುದಿಲ್ಲ ಅಂದರೆ ನಾನೇ ಬೇಡ ಎನ್ನುತ್ತೇನೆ. ಅಂಥವರಿಗೆ ವಾಮಂಜೂರಿನ ಪಿಲಿಕುಳ ಸಾಕು. ಅಲ್ಲಿ ಪಶ್ಚಿಮಘಟ್ಟದ ಮರಗಳನ್ನು ಸೇರಿಸಿ ಬೆಳೆಸಿದ ಸಸ್ಯೋದ್ಯಾನ ಇದೆ, ಪೇಟೆಗೆ ಹತ್ತಿರ. ಬಾಡಿಗೆ ಕಮ್ಮಿ ಸಿಗುತ್ತದೆ, ಎದೆ ಹೊಡೆದುಕೊಳ್ಳುವುದೂ ಕಮ್ಮಿ.

ಯಾವ ಕಾಡು, ಯಾರ ಒಪ್ಪಿಗೆ

ಕೊಡಗು ಮುಟ್ಟುವುದಕ್ಕೆ ಮಡಿಕೇರಿವರೆಗೆ ಹತ್ತಬೇಕಾಗಿಲ್ಲ. ಸಂಪಾಜೆ ಗೇಟು ದಾಟಿದರೆ ಕೊಡಗೇ. ಕೊಯನಾಡು, ದೇವರಕೊಲ್ಲಿ ಕಡೆ ರಸ್ತೆಯ ಎರಡೂ ಬದಿಗೆ ಇರುವುದು ನೆಟ್ಟ ಕಾಡಲ್ಲ, ಹುಟ್ಟಿದ ಕಾಡು. ಹಾಗಂತ ಗಾಡಿ ನಿಲ್ಲಿಸಿ ಒಳಗೆ ನುಗ್ಗುವಂತಿಲ್ಲ.

ನಮ್ಮಲ್ಲಿ ಕಾಡು ಮೂರು ತರ. ಒಂದು ವನ್ಯಜೀವಿ ಅಭಯಾರಣ್ಯ: 1974ರಲ್ಲಿ ಘೋಷಿಸಿದ ಬ್ರಹ್ಮಗಿರಿ, 1987ರ ಪುಷ್ಪಗಿರಿ ಮತ್ತು ತಲಕಾವೇರಿ. ಇವಕ್ಕೆ 1972ರ ವನ್ಯಜೀವಿ ಕಾಯ್ದೆ. ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಅಪರಾಧ. ಎರಡನೆಯದು ಮೀಸಲು ಅರಣ್ಯ, ಅದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ಅಲ್ಲೂ ನಮ್ಮ ಇಷ್ಟ ನಡೆಯುವುದಿಲ್ಲ. ಚಾರಣದ ದಾರಿಗಳಿಗೆ ಈಗ ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ ಇದೆ, ಆದರೆ ಅವೆಲ್ಲ ಇಡೀ ದಿನದ ನಡಿಗೆ, ಹಡಗಿನವರಿಗೆ ಹೇಳಿದ್ದಲ್ಲ. ಮೂರನೆಯದು ದೇವರಕಾಡು, ದೇವರ ಹೆಸರಿನಲ್ಲಿ ಊರಿನವರು ಕಾದುಕೊಂಡು ಬಂದದ್ದು.

ಎರಡು ಗಂಟೆ ಕೈಯಲ್ಲಿದ್ದವರಿಗೆ ದೇವರಕಾಡೇ ಸರಿ. ಚಿಕ್ಕದು, ಹಳೆಯದು, ಊರಿನ ಪಕ್ಕದಲ್ಲೇ ಇರುತ್ತದೆ. ಕೊಡಗಿನಲ್ಲಿ ಅರಣ್ಯ ಇಲಾಖೆ ಲೆಕ್ಕಕ್ಕೆ ಹಿಡಿದದ್ದೇ 1,214 ದೇವರಕಾಡುಗಳು. ಕೆಲವು ಹತ್ತಾರು ಎಕರೆ, ಕೆಲವು ಒಂದು ಕಣದಷ್ಟು. 1985ರಲ್ಲಿ ಇವು ಕಂದಾಯ ಇಲಾಖೆಯಿಂದ ಅರಣ್ಯ ಇಲಾಖೆಗೆ ಹೋದವು. ಕಾಗದದಲ್ಲಿ ಇಲಾಖೆಯದ್ದು, ನಡೆಯುವುದು ಊರಿನ ಮಾತು. ಹಾಗಾಗಿ ಎರಡೂ ಕಡೆ ಕೇಳಬೇಕು. ನಾನು ಸೀಸನ್ ಶುರುವಾಗುವ ಮೊದಲು ರೇಂಜ್ ಆಫೀಸಿಗೆ ಹೋಗಿ ಯಾವ ಕಾಡು, ಎಷ್ಟು ಜನ, ಎಷ್ಟು ಹೊತ್ತು ಎಂದು ಬರೆದುಕೊಟ್ಟು ಬರುತ್ತೇನೆ. ಆಮೇಲೆ ತಕ್ಕರ ಮನೆ. ತಕ್ಕರು ಅಂದರೆ ದೇವರ ಕಾರ್ಯ ನೋಡಿಕೊಳ್ಳುವ ಊರಿನ ಹಿರಿಯರು.

ನಾನು ಕರೆದೊಯ್ಯುವ ಕಾಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ತಕ್ಕರು ಹಾಕಿದ ಷರತ್ತು. ಎಪ್ಪತ್ತು ದಾಟಿದವರು, ನಾನು ಅಜ್ಜ ಎಂದೇ ಕರೆಯುವುದು. ಮೊದಲ ಸಲ ಹೋಗಿ ಕೇಳಿದಾಗ ಅಡಿಕೆ ಸುಲಿಯುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

"ಎಷ್ಟು ಜನ?"

"ಹತ್ತೋ ಹನ್ನೆರಡೋ ಅಜ್ಜ."

"ನೋಡಿ ಎಂತ ಮಾಡ್ತಾರೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. "ಸುಮ್ಮನೆ ನೋಡ್ತಾರೆ" ಅಂದೆ. "ಸುಮ್ಮನೆ ನೋಡುವವರಾದರೆ ಬರ್ಲಿ" ಅಂದರು. ಷರತ್ತು ನಾಲ್ಕು: ಹೆಸರು ಇಂಟರ್ನೆಟ್ಟಿಗೆ ಹಾಕಬಾರದು, ಗುಡಿಯ ಕಲ್ಲಿನ ಫೋಟೋ ತೆಗೆಯಬಾರದು, ಕಲ್ಲಿನ ಗೆರೆ ದಾಟಿದ ಮೇಲೆ ಚಪ್ಪಲಿ ಇಲ್ಲ, ಏನನ್ನೂ ಹೊರಗೆ ತರಬಾರದು, ಬಿದ್ದ ಎಲೆಯನ್ನು ಕೂಡ. ಹಬ್ಬದ ಕಟ್ಟು, ಅಂದರೆ ಊರಿನ ನಿಷೇಧ, ಬಿದ್ದ ದಿನಗಳಲ್ಲಿ ಯಾರೂ ಬರುವಂತಿಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುವುದು ಹಡಗಿನ ಸೀಸನ್ನಿನಲ್ಲೇ, ಹಾಗಾಗಿ ತಾರೀಕು ಒಪ್ಪುವ ಮೊದಲು ಅಜ್ಜನಿಗೆ ಫೋನು ಮಾಡಬೇಕು. ಹಡಗಿನ ಪಟ್ಟಿ ತಿಂಗಳುಗಟ್ಟಲೆ ಮುಂಚೆ ಸಿಗುತ್ತದೆ, ಕಟ್ಟಿನ ದಿನ ಊರಿನಲ್ಲಿ ಹೇಳುವುದು ಕೊನೆಗೆ. ಎರಡೂ ತಾಗಿದರೆ ಹಡಗಿನವರನ್ನೇ ಬಿಡಬೇಕು.

ಕೆಲವು ದೇವರಕಾಡುಗಳಿಗೆ ಹೆಂಗಸರು ಹೋಗುವ ಹಾಗಿಲ್ಲ. ಕೆಲವಕ್ಕೆ ಹೋಗಬಹುದು, ಮುಟ್ಟಿನ ದಿನಗಳಲ್ಲಿ ಆಗದು. ಈ ಮಾತನ್ನು ಪ್ರವಾಸಿಗರಿಗೆ ಹೇಳುವುದು ಯಾರಿಗಾದರೂ ಮುಜುಗರ. ಆದರೆ ಕಾಡಿನ ಬಾಯಿಗೆ ತಂದು ನಿಲ್ಲಿಸಿ ಹೇಳುವುದು ಅದಕ್ಕಿಂತ ದೊಡ್ಡ ಅವಮಾನ. ನಾನು ಬುಕಿಂಗ್ ಮಾಡುವಾಗಲೇ ಬರೆದು ಕಳಿಸುತ್ತೇನೆ. ಒಪ್ಪದವರು ಬೇರೆ ಕಡೆ ಹೋಗಲಿ. ನನ್ನ ಮಗಳು ಇದನ್ನು ಓದಿ ನನ್ನ ಜೊತೆ ಒಂದು ದಿನ ಮಾತು ಬಿಟ್ಟಿದ್ದಳು, ಅದೂ ಸರಿಯೇ.

ಇನ್ನು ಯುನೆಸ್ಕೋ. ಹಡಗಿನವರು ಕೇಳುವ ಮೊದಲ ಪ್ರಶ್ನೆಯೇ ಅದು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕರ್ನಾಟಕದ್ದು 10. ಅದರಲ್ಲಿ ನಮ್ಮ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ, ಪಾಡಿನಾಲ್ಕುನಾಡು, ಕೆರ್ಟಿ ಇವೆ. ನೀವು ತೋರಿಸುವ ದೇವರಕಾಡು ಆ ಪಟ್ಟಿಯಲ್ಲಿಲ್ಲ. ಇಲ್ಲ ಎಂದೇ ಹೇಳಿ. ಎದುರಿನ ಗುಡ್ಡದ ಆಚೆ ಇರುವುದು ಪಟ್ಟಿಯಲ್ಲಿದೆ, ಇದು ಊರಿನವರು ಕಾದದ್ದು ಎಂದರೆ ಅವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಬಂದರಿನಿಂದ ಕಾಡಿನವರೆಗೆ

ಬಂದರಿನ ಒಳಗೆ ಸಿಐಎಸ್‌ಎಫ್ ಕಾವಲು. ಪಾಸಿಲ್ಲದೆ ಗಾಡಿಯೂ ಇಲ್ಲ, ಡ್ರೈವರೂ ಇಲ್ಲ. ಪಾಸು ಮೊದಲೇ ಮಾಡಿಸಿಕೊಳ್ಳಿ, ಇಲ್ಲವೇ ಹೊರಗೆ ಎಲ್ಲಿ ನಿಲ್ಲುತ್ತೀರಿ ಎಂದು ಖಚಿತವಾಗಿ ಹೇಳಿ. ಗಾಡಿ ಹತ್ತುವಾಗ ಹಡಗಿನ ಕಾರ್ಡು ಮತ್ತು ಇಮಿಗ್ರೇಷನ್‌ನವರು ಕೊಟ್ಟ ಚೀಟಿ ಎರಡೂ ಇವೆಯಾ ಎಂದು ಪ್ರತಿಯೊಬ್ಬರದ್ದೂ ನೋಡಿ. ಕಾಡಿನಲ್ಲಿ ಚೀಟಿ ಬೀಳಿಸಿಕೊಂಡರೆ ವಾಪಸ್ ಗೇಟಿನಲ್ಲಿ ಕಷ್ಟ. ನಾನು ಜಿಪ್ ಇರುವ ಒಂದು ಚೀಲ ಇಟ್ಟುಕೊಂಡಿದ್ದೇನೆ, ಎಲ್ಲರ ಚೀಟಿಯೂ ಅದರೊಳಗೆ, ಚೀಲ ನನ್ನ ಸೀಟಿನ ಕೆಳಗೆ. ಕೆಲವರು ಬೆಟ್ಟ ಹತ್ತುವ ಅಭ್ಯಾಸದಿಂದ ಸ್ಯಾಟಲೈಟ್ ಮೆಸೇಜಿನ ಯಂತ್ರ ತರುತ್ತಾರೆ. ನಮ್ಮ ದೇಶದಲ್ಲಿ ಅದಕ್ಕೆ ಲೈಸೆನ್ಸ್ ಬೇಕು, ಹಿಡಿದರೆ ಕೇಸು. ಹಡಗಿನಲ್ಲೇ ಬಿಟ್ಟು ಬರಲು ಹೇಳಿ. ಡ್ರೋನ್ ಕೂಡ ಬೇಡ.

ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಂತೂರು, ಪಡೀಲ್, ಬಿ.ಸಿ.ರೋಡ್, ಮಾಣಿ, ಪುತ್ತೂರು, ಸುಳ್ಯ, ಅರಂತೋಡು, ಸಂಪಾಜೆ. ಹೋಗುವಾಗ ನಿಲ್ಲಿಸುವುದು ಸುಳ್ಯದಲ್ಲಿ ಮಾತ್ರ, ಶುಚಿಯಾದ ಶೌಚಾಲಯ ಇರುವ ಹೋಟೆಲ್ ನೋಡಿಟ್ಟುಕೊಳ್ಳಿ. ಎಪ್ಪತ್ತು ವರ್ಷದವರೇ ಹೆಚ್ಚು ಇರುವ ತಂಡಕ್ಕೆ ಆನೆಗಿಂತ ಇದು ಮುಖ್ಯ. ಒಂದು ತಮಾಷೆ ಎಂದರೆ, ಅರಬ್ಬಿ ಸಮುದ್ರದ ಅಲೆಯಲ್ಲಿ ಅಲುಗದವರು ಸಂಪಾಜೆಯ ತಿರುವಿನಲ್ಲಿ ವಾಂತಿ ಮಾಡುತ್ತಾರೆ. ಶುಂಠಿ ಮಿಠಾಯಿ ಮತ್ತು ಗಟ್ಟಿ ಕವರು ಇಟ್ಟುಕೊಂಡಿರಿ.

ಕಾಲು ಮೊದಲು

ಗಾಡಿ ಇಳಿದ ಕೂಡಲೇ ಕಾಡಿಗೆ ಬಿಡಬೇಡಿ. ಮೊದಲು ಶೂ ತೊಳೆಸಿ.

ಇದನ್ನು ನನಗೆ ಕಲಿಸಿದ್ದು ನ್ಯೂಜಿಲೆಂಡಿನಿಂದ ಬಂದ ಗಂಡ ಹೆಂಡತಿ. ಕಾಡಿನ ಬಾಯಿಯಲ್ಲಿ ನಿಂತು "ಬ್ರಷ್ ಎಲ್ಲಿ?" ಎಂದು ಕೇಳಿದರು. ನನಗೆ ಹಲ್ಲುಜ್ಜುವ ಬ್ರಷ್ಷೇ ನೆನಪಾಗಿದ್ದು. ಅವರ ಊರಿನಲ್ಲಿ ಕೌರಿ ಎಂಬ ದೊಡ್ಡ ಮರ ಇದೆಯಂತೆ, ಸಾವಿರ ವರ್ಷ ಮೀರಿ ಬದುಕುವಂಥದ್ದು. ಮಣ್ಣಿನಲ್ಲಿರುವ ಒಂದು ರೋಗಾಣು ಅದರ ಬೇರು ಹಿಡಿದು ಸಾಯಿಸುತ್ತಿದೆ. ಅದು ಹರಡುವುದು ಜನರ ಶೂಗೆ ಅಂಟಿದ ಕೆಸರಿನಿಂದ. ಹಾಗಾಗಿ ಅಲ್ಲಿ ಕಾಡಿನ ಬಾಗಿಲಲ್ಲೇ ಬ್ರಷ್ಷು, ಔಷಧಿ ಇಟ್ಟಿರುತ್ತಾರೆ, ಉಜ್ಜದೆ ಒಳಗೆ ಬಿಡುವುದಿಲ್ಲ. ರೋಗಾಣುವಿನ ಹೆಸರು ಕೇಳಿದೆ. ಫೈಟಾಫ್ತೊರ ಅಂದರು. ನನಗೆ ಮೈ ಜುಮ್ಮೆಂದಿತು. ನಮ್ಮ ಅಡಿಕೆಗೆ ಕೊಳೆರೋಗ ತರುವುದು, ಕಾಳುಮೆಣಸಿನ ಬಳ್ಳಿಯನ್ನು ಒಂದು ಮಳೆಗಾಲದಲ್ಲಿ ಸೊರಗಿಸಿ ಮುಗಿಸುವುದು ಅದೇ ಕುಟುಂಬದ್ದು. ಇಷ್ಟು ವರ್ಷ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದವನಿಗೆ, ಬೇರೆ ಬೇರೆ ದೇಶದ ಮಣ್ಣು ಮೆಟ್ಟಿ ಬಂದ ಹನ್ನೊಂದು ಜೊತೆ ಶೂಗಳನ್ನು ಕಾಡಿಗೆ ಬಿಡಬಾರದು ಎಂದು ಹೊಳೆದಿರಲಿಲ್ಲ.

ಈಗ ಗಾಡಿಯಲ್ಲಿ ಎರಡು ಗಡಸು ಬ್ರಷ್, ಒಂದು ಬಕೆಟ್, ಇಪ್ಪತ್ತು ಲೀಟರ್ ನೀರು, ಸ್ಪಿರಿಟ್ ತುಂಬಿದ ಸ್ಪ್ರೇ ಬಾಟಲಿ ಇರುತ್ತವೆ. ಟಾರು ರಸ್ತೆಯ ಬದಿಯಲ್ಲೇ ಉಜ್ಜಿಸಬೇಕು, ತೋಡಿನ ನೀರಿನಲ್ಲಿ ಅಲ್ಲ. ಲೇಸಿನ ಸಂದು, ಅಟ್ಟೆಯ ಗೀರು, ಪ್ಯಾಂಟಿನ ಮಡಿಕೆ ನೋಡಿ, ಹುಲ್ಲಿನ ಬೀಜ ಅಲ್ಲಿ ಕೂತಿರುತ್ತದೆ. ಲಂಟಾನ, ಕಮ್ಯುನಿಸ್ಟ್ ಗಿಡ ಕೂಡ ಎಲ್ಲಿಂದಲೋ ಬಂದು ನಮ್ಮಲ್ಲಿ ಉಳಿದವು. ಹತ್ತು ನಿಮಿಷದ ಕೆಲಸ.

ಆಮೇಲೆ ಜಿಗಣೆ. ಜನವರಿ ಕಳೆದು ಎಲೆ ಒಣಗಿದ ಮೇಲೆ ಕಮ್ಮಿ. ನವೆಂಬರ್, ಡಿಸೆಂಬರಿನಲ್ಲಿ, ಅಥವಾ ಹಿಂದಿನ ದಿನ ಮಳೆ ಬಿದ್ದಿದ್ದರೆ, ಎಲೆಯ ತುದಿಯಲ್ಲಿ ನಿಂತು ಕಾಯುತ್ತಿರುತ್ತವೆ. ಮಂಡಿವರೆಗೆ ಬರುವ ಬಟ್ಟೆಯ ಜಿಗಣೆ ಕಾಲುಚೀಲ ಹೊಲಿಸಿಟ್ಟಿದ್ದೇನೆ, ಇಪ್ಪತ್ತು ಜೊತೆ. ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸುತ್ತೇನೆ. ಚಪ್ಪಲಿ ಬಿಡಬೇಕಾದ ಕಾಡಿನಲ್ಲಿ ಈ ಕಾಲುಚೀಲ ನಡೆಯುತ್ತದಾ ಎಂದು ಅಜ್ಜನ ಹತ್ತಿರ ಕೇಳಿದ್ದೆ. ಸ್ವಲ್ಪ ಯೋಚನೆ ಮಾಡಿ, "ಚರ್ಮ ಅಲ್ವಲ್ಲ, ಬಟ್ಟೆ. ದೇವರದ್ದು ಅಡ್ಡಿ ಇಲ್ಲ, ಜಿಗಣೆಯದ್ದು ನೋಡ್ಕೊ" ಅಂದರು.

ಹತ್ತಿದರೆ ಉಪ್ಪು ಹಾಕುವುದು, ಲೈಟರ್ ಹಿಡಿಯುವುದು ಮಾಡಬೇಡಿ. ಹಾಗೆ ಮಾಡಿದರೆ ಗಾಯದೊಳಗೇ ಕಕ್ಕುತ್ತದೆ. ಸಪೂರ ತುದಿಯ ಹತ್ತಿರ ಉಗುರು ಇಟ್ಟು ಪಕ್ಕಕ್ಕೆ ಜಾರಿಸಿ ಬಿಡಿಸಿ. ನೋವಿರುವುದಿಲ್ಲ, ರಕ್ತ ಮಾತ್ರ ನಿಲ್ಲುವುದಿಲ್ಲ, ಹೆಪ್ಪುಗಟ್ಟದ ಹಾಗೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ. ಇಲ್ಲೇ ಒಂದು ಎಚ್ಚರ ಬೇಕು. ಹಡಗಿನಲ್ಲಿ ಬರುವ ವಯಸ್ಸಾದವರಲ್ಲಿ ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಬಹಳ. ಒಮ್ಮೆ ನಾನು ಕೇಳಿರಲಿಲ್ಲ. ಹಿಮ್ಮಡಿಯ ಮೇಲೆ ಒಂದೇ ಒಂದು ಕಡಿತ, ಆ ಮನುಷ್ಯನ ಕಾಲುಚೀಲ ಸುಳ್ಯದವರೆಗೂ ಒದ್ದೆಯಾಗುತ್ತಲೇ ಇತ್ತು. ಅವರು ನಗುತ್ತಿದ್ದರು, ನನ್ನ ಕೈ ಸ್ಟೇರಿಂಗಿನಲ್ಲಿ ನಡುಗುತ್ತಿತ್ತು. ಸುಳ್ಯದಲ್ಲಿ ಡಾಕ್ಟರಿಗೆ ತೋರಿಸಿ, ಬಿಗಿಯಾಗಿ ಕಟ್ಟಿಸಿ ಕರೆದುಕೊಂಡು ಹೋದೆ. ಈಗ ಗಾಡಿ ಹತ್ತುವಾಗಲೇ ಕೇಳುತ್ತೇನೆ. ಆ ಮಾತ್ರೆ ತಿನ್ನುವವರನ್ನು ಒದ್ದೆ ದಿನಗಳಲ್ಲಿ ಕಲ್ಲಿನ ಗೆರೆಯ ಈಚೆಗೇ ಕೂರಿಸುತ್ತೇನೆ. ಕಚ್ಚಿದರೆ ಹತ್ತಿ ಇಟ್ಟು ಬೆರಳಿನಿಂದ ಒತ್ತಿ ಹಿಡಿಯಬೇಕು, ನೋಡಬೇಕೆಂದು ನಡುನಡುವೆ ತೆಗೆಯಬಾರದು.

ಒಳಗೆ

ಒಳಗೆ ಮುಕ್ಕಾಲು ಗಂಟೆ ಸಾಕು, ಹೆಚ್ಚೆಂದರೆ ಒಂದು ಗಂಟೆ. ಐನೂರು ಹೆಜ್ಜೆಗಿಂತ ಹೆಚ್ಚು ನಡೆಸುವುದಿಲ್ಲ. ಪ್ರಾಣಿ ತೋರಿಸುತ್ತೇನೆ ಎಂದು ಯಾವತ್ತೂ ಹೇಳಬೇಡಿ. ಆನೆ ಕಾಣಿಸಿದ ಸುದ್ದಿ ಇದ್ದರೆ ಆ ದಿನ ಕಾಡೇ ಬೇಡ. ಬೆಳಿಗ್ಗೆ ಅಜ್ಜನ ಮೊಮ್ಮಗ ಒಂದು ಸುತ್ತು ಹೋಗಿ ಲದ್ದಿ ಇದೆಯಾ, ಬೈನೆ ಮರ ಸೀಳಿದೆಯಾ ನೋಡಿ ಫೋನು ಮಾಡುತ್ತಾನೆ. ಅವನಿಗೂ ದುಡ್ಡು ಕೊಡಬೇಕು, ಪುಕ್ಕಟೆ ಕೆಲಸ ಅಲ್ಲ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯಲು ಹೇಳಿ. ಇದು ಪೆಟ್ಟು ತಿಂದು ಕಲಿತ ಉಪಾಯ. ಅಯ್ಯಪ್ಪನ ಕಟ್ಟೆಯ ಹತ್ತಿರ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಇವೆ. ನಮ್ಮ ಅಯ್ಯಪ್ಪ ಬೇಟೆಯ ದೇವರು, ಕಾಡಿನ ಕಾವಲಿನವನು, ಅವನಿಗೆ ನಾಯಿ ಬೇಕು. ಹೊಸವು ಕೆಂಪಗೆ ಇರುತ್ತವೆ, ಹಳೆಯವು ಹಸಿರು ಹಿಡಿದು ಕಿವಿ ಉದುರಿ ಅರ್ಧ ಮಣ್ಣಾಗಿರುತ್ತವೆ. ಅಂಥದ್ದೊಂದರ ಮುಂಗಾಲುಗಳ ನಡುವೆ ಎರಡೆಲೆಯ ಸಸಿ ಎದ್ದಿತ್ತು, ರಾಮಪತ್ರೆಯದು, ಬೀಜದ ಸಿಪ್ಪೆ ಇನ್ನೂ ಕಳಚಿರಲಿಲ್ಲ. ಚೆನ್ನಾಗಿ ಕಾಣಲಿ ಎಂದು ಒಬ್ಬರು ಪ್ರೀತಿಯಿಂದಲೇ ನಾಯಿಯನ್ನು ಎತ್ತಲು ಬಗ್ಗಿದರು. ಅಜ್ಜ "ಹಾಂ" ಎಂದರು, ಅಷ್ಟೇ, ಜೋರಾಗಿ ಕೂಡ ಅಲ್ಲ. ಆ ಮನುಷ್ಯ ಬಗ್ಗಿದಲ್ಲೇ ನಿಂತುಬಿಟ್ಟರು. ನಂತರ ಅವರೇ ಕೈ ಹಿಂದೆ ಕಟ್ಟಿಕೊಂಡರು, ನೋಡಿ ಉಳಿದವರೂ ಕಟ್ಟಿಕೊಂಡರು. ಅಂದಿನಿಂದ ಅದೇ ಕ್ರಮ.

ತೋರಿಸುವುದು ನಾಲ್ಕೈದು ಸಂಗತಿ ಮಾತ್ರ. ನೀರು ನಿಲ್ಲುವ ತಗ್ಗಿನಲ್ಲಿ ರಾಮಪತ್ರೆ ಜಾತಿಯ ಮರಗಳು. ತೊಗಟೆಯಲ್ಲಿ ಹಳೆಯ ಗಾಯವಿದ್ದರೆ ಕೆಂಪು ರಸ ಒಸರಿ ಒಣಗಿದ ಗುರುತು ಇರುತ್ತದೆ, ರಕ್ತದ ಹಾಗೆಯೇ. ತೋರಿಸಲಿಕ್ಕೆಂದು ಹೊಸದಾಗಿ ಕೆತ್ತಬೇಡಿ, ಕೆತ್ತಿದವರನ್ನು ಕಂಡಿದ್ದೇನೆ. ಧೂಪದ ಮರದ ಬುಡದಲ್ಲಿ ಗಟ್ಟಿಯಾಗಿ ಕೂತ ರಾಳ, ಬಗ್ಗಿ ಮೂಸಿದರೆ ಸಾಕು, ಗುಡಿ ನೆನಪಾಗುತ್ತದೆ. ಉಪ್ಪಾಗೆ ಮರ ತೋರಿಸಿ, ಇದರ ಹುಳಿಯೇ ಕಾಚಂಪುಳಿ, ಊಟದಲ್ಲಿ ಸಿಗುತ್ತದೆ ಎಂದು ಹೇಳಿ ಇಡಿ. ಮರದಿಂದ ಮರಕ್ಕೆ ಹಬ್ಬಿದ ಬೆತ್ತದ ಮುಳ್ಳು ಬಟ್ಟೆಗೆ ಸಿಕ್ಕಿದರೆ ಎಳೆಯಬಾರದು, ಒಂದು ಹೆಜ್ಜೆ ಹಿಂದೆ ಬಂದರೆ ಅದಾಗಿ ಬಿಡುತ್ತದೆ.

ಕೆಳಗೆ ಹರಿಯುವ ತೋಡಿನ ಹತ್ತಿರ ನಿಲ್ಲಿಸಿ ಒಂದು ಮಾತು ಹೇಳುತ್ತೇನೆ. ಈ ನೀರು ಪಯಸ್ವಿನಿಗೆ ಸೇರಿ, ಸುಳ್ಯ ದಾಟಿ, ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಲ್ಲಿ ನಿಮ್ಮ ಹಡಗು ನಿಂತ ಸಮುದ್ರಕ್ಕೇ ಹೋಗುತ್ತದೆ. ಮೇಲಿನ ಗುಡ್ಡದ ಆಚೆ ಹುಟ್ಟಿದ ಕಾವೇರಿ ಬೆನ್ನು ತಿರುಗಿಸಿ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ ಎಂದರೆ ಲಂಡನ್ನಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರಿಗೆ ತಮ್ಮ ಊರಲ್ಲೇ ಮಳೆ ಜಾಸ್ತಿ ಎಂದು ಹೆಮ್ಮೆ.

ಕೊನೆಗೆ ಹತ್ತು ನಿಮಿಷ ಯಾರೂ ಮಾತಾಡಬಾರದು, ನಾವೂ. ಗೈಡಿಗೆ ಇದು ಬಲು ಕಷ್ಟ, ಹೇಳಿದಷ್ಟೂ ಟಿಪ್ಸ್ ಜಾಸ್ತಿ ಎಂಬ ಭ್ರಮೆ ನಮಗೆ. ಮೂರನೇ ನಿಮಿಷಕ್ಕೆ ಜೀರುಂಡೆಯ ಸದ್ದು ಬೇರೆಯಾಗಿ ಕೇಳತೊಡಗುತ್ತದೆ. ಅದೃಷ್ಟ ಇದ್ದರೆ ಮಂಗಟ್ಟೆ ಹಾರುವುದು, ಹಕ್ಕಿ ಕಾಣುವ ಮೊದಲೇ ರೆಕ್ಕೆಯ ಬುಸುಬುಸು. ನೋಡಿ ಎಂತ ಮಾಡ್ತಾರೆ ಎಂದು ಕೇಳಿದ್ದ ಅಜ್ಜ ಈಗ ಈ ಹತ್ತು ನಿಮಿಷಕ್ಕೆ ತಪ್ಪದೆ ಬಂದು ಕೂರುತ್ತಾರೆ.

ಊಟ, ಚೀಲ, ವಾಪಸ್

ಊಟ ಅಜ್ಜನ ಸೊಸೆಯ ಕೈಯದು. ಅಕ್ಕಿ ರೊಟ್ಟಿ, ಕಡುಬು, ಅಣಬೆ ಇಲ್ಲವೇ ಕುಂಬಳಕಾಯಿ ಸಾರು, ಕೇಳಿದವರಿಗೆ ಹಂದಿ ಕರಿ. ಪುನರ್ಪುಳಿ ಶರಬತ್ತಿಗೆ ಐಸ್ ಹಾಕಬೇಡಿ, ನೀರು ಕುದಿಸಿ ಆರಿಸಿದ್ದೇ ಇರಲಿ. ಹೊಟ್ಟೆ ಕೆಟ್ಟವರನ್ನು ಗಾಡಿಯಲ್ಲಿ 110 ಕಿಲೋಮೀಟರ್ ಕರೆದೊಯ್ಯುವುದು ಅವರಿಗೂ ನಿಮಗೂ ಶಿಕ್ಷೆ. ಖಾರ ಕಮ್ಮಿ ಮಾಡಿ ಎಂದು ಹೇಳಿದರೆ ಅಕ್ಕ ಒಪ್ಪುತ್ತಾರೆ, ಆದರೆ ಕಮ್ಮಿ ಮಾಡುವುದಿಲ್ಲ. ಮೊಸರು ಹೆಚ್ಚು ತರಿಸಿಡಿ. ವಿದೇಶಿಯರ ಹತ್ತಿರ ಯುಪಿಐ ಇರುವುದಿಲ್ಲ, ಇದ್ದರೂ ಘಾಟಿಯಲ್ಲಿ ಸಿಗ್ನಲ್ ನಂಬುವಂತಿಲ್ಲ. ಅಕ್ಕನಿಗೆ, ಮೊಮ್ಮಗನಿಗೆ, ದೇವರ ಭಂಡಾರಕ್ಕೆ ಕೊಡುವ ದುಡ್ಡನ್ನು ಬಾಡಿಗೆಯಲ್ಲೇ ಸೇರಿಸಿ, ಚಿಲ್ಲರೆ ಮಾಡಿ, ನಾನೇ ಬೇರೆ ಬೇರೆ ಕವರಿನಲ್ಲಿ ತಂದಿರುತ್ತೇನೆ.

ಕೊಳ್ಳಲು ಏನಾದರೂ ಬೇಕೆಂದರೆ ಪ್ಯಾಕ್ ಮಾಡಿದ ಕಾಫಿ ಪುಡಿ, ಏಲಕ್ಕಿ. ಹಣ್ಣು, ಸಸಿ, ಬೀಜ, ಮಣ್ಣು ಹಡಗಿಗೆ ಹೋಗುವುದಿಲ್ಲ. ಕತ್ತಿ ಎಷ್ಟು ಚಿಕ್ಕದಾದರೂ ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಒಂದು ಗಂಟೆಗೆ ಐದು ನಿಮಿಷ ಇರುವಾಗ ಗಾಡಿ ಸ್ಟಾರ್ಟ್ ಮಾಡಿಬಿಡಿ. ಹಾರನ್ ಹೊಡೆಯುವುದು ಬೇಡ, ಇಂಜಿನ್ ಸದ್ದು ಕೇಳಿದರೆ ಬರುತ್ತಾರೆ. ಹತ್ತಿದ ಮೇಲೆ ತಲೆ ಎಣಿಸಿ, ಚೀಟಿಯ ಚೀಲ ಎಣಿಸಿ, ಜಿಗಣೆ ಕಾಲುಚೀಲ ಎಣಿಸಿ ವಾಪಸ್ ತೆಗೆದುಕೊಳ್ಳಿ. ಹೊರಡುವ ಮೊದಲು ಶೂಗಳನ್ನು ಇನ್ನೊಮ್ಮೆ ಉಜ್ಜಿಸಿ, ನಮ್ಮ ಮಣ್ಣು ಇನ್ನೊಬ್ಬರ ಕಾಡಿಗೆ ಹೋಗುವುದು ಬೇಡ. ದಾರಿಯಲ್ಲಿ ಸಮಯ ಮಿಕ್ಕಿದರೆ ಮಾತ್ರ ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಸುತ್ತೇನೆ. ಹಾಲಿನ ಮೇಲೆ ನಿಂತ ಟೀಯ ಪದರ ನೋಡಿ, ಇಡೀ ದಿನ ಫೋಟೋ ತೆಗೆಯದವರೂ ಅದರ ಫೋಟೋ ತೆಗೆಯುತ್ತಾರೆ. ಮೂರು ಗಂಟೆಯೊಳಗೆ ಕಲ್ಲಡ್ಕ ಮುಟ್ಟದಿದ್ದರೆ ನಿಲ್ಲಿಸುವುದಿಲ್ಲ, ಶಾಲೆ ಬಿಡುವ ಹೊತ್ತಿಗೆ ನಂತೂರಿನಲ್ಲಿ ಸಿಕ್ಕಿಬಿದ್ದರೆ ಆ ಟೀ ಬಹಳ ದುಬಾರಿಯಾಗುತ್ತದೆ.

ಗೇಟಿನಲ್ಲಿ ಇಳಿಸಿ, ಕೊನೆಯವರು ಒಳಗೆ ಹೋಗುವವರೆಗೂ ನಿಲ್ಲಿ. ಆಮೇಲೆ ಅಜ್ಜನಿಗೆ ಫೋನು ಮಾಡಿ, ಎಲ್ಲರೂ ಹೋದರು ಎಂದು ಹೇಳಬೇಕು. ಹೇಳುವವರೆಗೆ ಅವರು ಊಟದ ನಂತರದ ನಿದ್ದೆ ಮಾಡುವುದಿಲ್ಲವಂತೆ, ಅಕ್ಕ ಹೇಳಿದ್ದು. ಗಾಡಿಯ ಮ್ಯಾಟುಗಳನ್ನು ಹೊರಗೆ ತೆಗೆದು ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಒಂದಾದರೂ ಜಿಗಣೆ, ಹೊಟ್ಟೆ ತುಂಬಿ ದ್ರಾಕ್ಷಿ ಹಣ್ಣಿನ ಹಾಗೆ ಆಗಿ, ಮೂಲೆಯಲ್ಲಿ ಮಲಗಿರುತ್ತದೆ. ಮರುದಿನದ ಬಾಡಿಗೆ ಮದುವೆ ದಿಬ್ಬಣದ್ದಾದರೆ ಇನ್ನೊಮ್ಮೆ ನೋಡಿ.